ಡಬ್ಬಣ್ಣ ಚಾನಲ್ ದಾಟಿದ ದಿನ

ಆಟ ಕೆಟ್ಟದ್ದು ನನ್ನ ಬಾಯಿಂದ. ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಕೊಂಡರೆ ಬೈಗುಳದ ಖಾರ ಸ್ವಲ್ಪ ಇಳಿಯುತ್ತದೆ ಎಂಬ ಆಸೆಯಿಂದ ಇದನ್ನು ಮೊದಲ ಸಾಲಿನಲ್ಲೇ ಹಾಕಿದ್ದೇನೆ. ಡಬ್ಬಣ್ಣ ಬಿದ್ದಾಗ ಕೇಳಿಸಲೆಂದು ನಾನು ರಾಶಿ ಮಾತುಗಳನ್ನು ರೆಕಾರ್ಡ್ ಮಾಡಿಕೊಟ್ಟೆ. ಡಬ್ಬಣ್ಣ ಗೆದ್ದಾಗ ಕೇಳಿಸಲೆಂದು ಕೊಟ್ಟದ್ದು ಒಂದೇ ಒಂದು. ಅದೂ ಗಂಟಲು ಕಟ್ಟಿದ ಮೇಲೆ, ಹೊಟ್ಟೆ ಹಸಿದು, ಊಟಕ್ಕೆ ಏಳುವ ಅವಸರದಲ್ಲಿ.

ಡಬ್ಬಣ್ಣ ಮನುಷ್ಯನಲ್ಲ. ಕಂಪ್ಯೂಟರ್ ಆಟದ ಒಳಗಿನ ಒಂದು ರೋಬೋಟು. ಅದನ್ನು ಮಾಡಿದವರು ಚನ್ನಗಿರಿಯ ಒಬ್ಬ ಅಕ್ಕ. ಸ್ವಂತ ಅಕ್ಕ ಅಲ್ಲ. ಆದರೆ ಬೈಯುವ ಹಕ್ಕನ್ನು ಮೊದಲ ದಿನವೇ ತೆಗೆದುಕೊಂಡಿದ್ದರಿಂದ ಹಾಗೇ ಕರೆಯುತ್ತಿದ್ದೆ. ಅವರು ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿ ಕಂಪ್ಯೂಟರ್ ಹೇಳಿಕೊಡುತ್ತಾ, ವರ್ಷಗಟ್ಟಲೆ ಕೂತು ಈ ಆಟವನ್ನು ಒಬ್ಬರೇ ಬರೆದಿದ್ದರು. ಪರದೆಯ ಎಡಗಡೆ ಒಂದು ಕಪಾಟು. ಅದರೊಳಗೆ ಗಾಲಿ, ಕೈ, ಬ್ಯಾಟರಿ, ಅಂಚು ಕಂಡರೆ ಎಚ್ಚರಿಸುವ ಒಂದು ಕಣ್ಣು. ಮಗು ಬೇಕಾದ್ದನ್ನು ಎಳೆದು ಡಬ್ಬಣ್ಣನ ಡಬ್ಬದಂಥ ಮೈಗೆ ಜೋಡಿಸಬೇಕು. ಆಮೇಲೆ ‘ಮುಂದೆ ಹೋಗು’, ‘ನಿಲ್ಲು’, ‘ಅಂಚು ಕಂಡರೆ ತಿರುಗು’ ಎಂಬ ಆಜ್ಞೆಯ ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟು ಓಡಿಸಬೇಕು. ಕೊನೆಯ ಹಂತದಲ್ಲಿ ಡಬ್ಬಣ್ಣ ತುಂಬಿದ ಬಿಂದಿಗೆ ಹಿಡಿದು, ಒಂದು ಹಲಗೆಯ ಮೇಲೆ ಚಾನಲ್ ದಾಟಬೇಕು. ನಮ್ಮ ಕಡೆ ನಾಲೆಗೆ ಚಾನಲ್ ಅಂತಲೇ ಹೇಳುವುದು. ಅಕ್ಕ ಆಟದಲ್ಲೂ ಹಾಗೇ ಬರೆದಿದ್ದರು. ದೊಡ್ಡ ಗಾಲಿ ಹಾಕಿದರೆ ಹಲಗೆಯಿಂದ ಆಚೆ ಬರುತ್ತದೆ, ಸಣ್ಣದು ಹಾಕಿದರೆ ಏರು ಹತ್ತುವುದಿಲ್ಲ. ಬಿಂದಿಗೆ ಮುಂದೆ ಇರುವುದರಿಂದ ಬ್ಯಾಟರಿಯ ಭಾರ ಹಿಂದೆ, ತಗ್ಗಿನಲ್ಲಿ ಇರಬೇಕು. ಇಷ್ಟನ್ನು ಮಗು ತಾನೇ ಬೀಳಿಸಿ, ತಾನೇ ಎಬ್ಬಿಸಿ ಕಂಡುಕೊಳ್ಳಬೇಕು.

ಒಂದು ಟ್ರಸ್ಟಿನವರು ಈ ಆಟವನ್ನು ನೋಡಿ, ನಾಲ್ಕು ತಾಲ್ಲೂಕಿನ ನಾಲ್ಕು ಶಾಲೆಗಳಲ್ಲಿ ಹಾಕಿ ತೋರಿಸಿ ಎಂದಿದ್ದರು. ಮಕ್ಕಳು ಕೊನೆಯ ಹಂತ ದಾಟಿದರೆ ಎಲ್ಲ ಶಾಲೆಗಳಿಗೂ ಹಾಕಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ಅಕ್ಕ ಇದನ್ನೇ ನಂಬಿ, ಆ ವರ್ಷ ಪಾಠಕ್ಕೆ ಬರುವುದಿಲ್ಲ ಎಂದು ತಮ್ಮ ಶಾಲೆಯಲ್ಲಿ ಹೇಳಿ ಬಂದುಬಿಟ್ಟಿದ್ದರು.

“ಆಗ್ಲಿಲ್ಲಾಂದ್ರೆ ಏನ್ ಮಾಡ್ತೀರಕ್ಕ?” ಎಂದು ಕೇಳಿದ್ದೆ.

“ಅಂಗಡಿ ಲೆಕ್ಕದ ಟ್ಯಾಲಿ ಕಲ್ಸಾಕೆ ಹೋಗ್ತೀನಿ. ಚನ್ನಗಿರಿಯಾಗೆ ಅದಕ್ಕೇನು ಕಮ್ಮಿ ಐತೆ?” ಎಂದರು, ಕಿರುಬೆರಳಿನ ಉಗುರು ಕಚ್ಚುತ್ತಾ.

ನನ್ನ ಕಸುಬು ಮಿಮಿಕ್ರಿ. ಹೊನ್ನಾಳಿ ಸುತ್ತಮುತ್ತ ಮದುವೆ ರಿಸೆಪ್ಶನ್ನಿನಲ್ಲಿ ಊಟ ತಡವಾದರೆ ನನ್ನನ್ನು ವೇದಿಕೆ ಹತ್ತಿಸುತ್ತಾರೆ. ಶಾಲೆಯ ಕಾರ್ಯಕ್ರಮವೊಂದರಲ್ಲಿ ನಾನು ಪಿ.ಟಿ. ಮಾಸ್ತರರ ದನಿ ಮಾಡಿದ್ದನ್ನು ಕೇಳಿ ಅಕ್ಕ ಹಿಡಿದುಕೊಂಡರು. “ಬಿದ್ದಾಗ ಮಕ್ಳು ಅಳಬಾರ್ದು ನೋಡು, ನಗಬೇಕು. ಹಂಗೆ ಏನಾರ ಮಾಡು” ಎಂದರು. ಇಷ್ಟೇ ಅವರು ಹೇಳಿದ್ದು. ಮಿಕ್ಕಿದ್ದೆಲ್ಲ ನನ್ನ ಪ್ರತಿಭೆ.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಆಚೆಯ ಸದ್ದು ಬರಬಾರದೆಂದು ತಲೆಮೇಲೆ ಕಂಬಳಿ ಹೊದ್ದು, ಮೊಬೈಲು ಹಿಡಿದು ಕೂತೆ. ಡಬ್ಬಣ್ಣ ನೀರಿಗೆ ಬಿದ್ದರೆ ಅಜ್ಜಿಯ ದನಿ: “ಅಯ್ಯಯ್ಯೋ, ಚಾನಲ್ಲಾಗೆ ಬಿದ್ನಲ್ಲಪ್ಪೋ! ನೆಗಡಿ ಆಗತೈತೆ, ಯಾರಾರ ಟವಲ್ ತರ್ರೋ!” ಹಲಗೆಯ ಅಂಚಿಗೆ ಬಂದರೆ ಬಸ್ ಕಂಡಕ್ಟರು: “ರೈಟ್, ರೈಟ್... ಏ, ಹೋಲ್ಡಾನ್! ಚಾನಲ್ ಒಳಗೆ ಸ್ಟಾಪಿಲ್ರೀ!” ಗಾಲಿ ತಪ್ಪು ಹಾಕಿದರೆ ಪಿ.ಟಿ. ಮಾಸ್ತರು: “ಹೊಟ್ಟೆ ಮ್ಯಾಲೆ ಗಾಲಿ ಹಾಕ್ತಾರೇನಲೇ? ನಿಮ್ಮಪ್ಪನ ಗಾಡೀಗೆ ಹಂಗೇ ಐತೇನು?” ಇಂಥವು ಸಾಲಾಗಿ. ಕೊನೆಗೆ ಗೆದ್ದಾಗಿನ ಮಾತು. ಗೆದ್ದಾಗ ಯಾರ ದನಿ ಮಾಡಬೇಕೆಂದು ಹೊಳೆಯಲಿಲ್ಲ. ರೈಲ್ವೆ ಸ್ಟೇಷನ್ನಿನ ಧ್ವನಿವರ್ಧಕದಂತೆ “ಕೆಲಸ ಮುಗಿಯಿತು” ಎಂದು ಹೇಳಿ ಊಟಕ್ಕೆ ಎದ್ದೆ.

ಮೊದಲ ಶಾಲೆ ಚನ್ನಗಿರಿ ತಾಲ್ಲೂಕಿನಲ್ಲಿ, ನಲ್ಲೂರಿನ ಕಡೆ. ಕಂಪ್ಯೂಟರ್ ಕೋಣೆಯ ಒಂದು ಮೂಲೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ, ಇನ್ನೊಂದು ಮೂಲೆಯಲ್ಲಿ ಕಂಪ್ಯೂಟರು. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಸಿ.ಪಿ.ಯು.ಗಳ ಗಾಳಿ ಕಿಂಡಿಯೊಳಗೆ ಇಳಿದು ಕೂತಿತ್ತು. ಅಕ್ಕ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನು ತೆಗೆದು, ಪೆನ್‌ಡ್ರೈವಿನಿಂದ ಒಂದೊಂದಕ್ಕೇ ಆಟ ಹಾಕಿದರು. ಆಂಟಿವೈರಸ್ಸು ಡಬ್ಬಣ್ಣನನ್ನು ಕಳ್ಳ ಎಂದು ತಿಳಿದು ಎತ್ತಿ ಒಳಗೆ ಹಾಕಿತು. ಬಿಡಿಸಿಕೊಂಡು ಬರಲು ಮಧ್ಯಾಹ್ನವಾಯಿತು.

ಆಮೇಲೆ ನೋಡಬೇಕಿತ್ತು. ಒಂದು ಕಂಪ್ಯೂಟರಿಗೆ ನಾಲ್ಕೈದು ಮಕ್ಕಳು, ಮೌಸು ಹಿಡಿದವನೇ ರಾಜ. ಮೊದಲ ಡಬ್ಬಣ್ಣ ಬಿದ್ದ. ಅಜ್ಜಿ ಕೂಗಿದಳು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತು, ಮದುಮಗನ ಅಪ್ಪನ ಹಾಗೆ ಎಲ್ಲರಿಗೂ ನಮಸ್ಕಾರ ಮಾಡುವುದೊಂದು ಬಾಕಿ. ಸಂಜೆ ಅಕ್ಕ ನೋಡಿದಾಗ ಯಾರೂ ಕೊನೆಯ ಹಂತ ದಾಟಿರಲಿಲ್ಲ. “ಮೊದಲ್ನೇ ಸಲ ಅಲ್ವಾ?” ಎಂದರು. ನಾನೂ “ಅಲ್ವಾ?” ಎಂದೆ, ಅವರ ದನಿಯಲ್ಲೇ.

ಎರಡನೆಯದು ಹೊನ್ನಾಳಿ ತಾಲ್ಲೂಕು, ಸಾಸ್ವೆಹಳ್ಳಿಯ ಹತ್ತಿರ. ಇಲ್ಲಿ ನನ್ನ ಬಾಯಿ ಮತ್ತೊಂದು ಕೆಲಸ ಮಾಡಿತು. ಕರೆಂಟು ಹೋದಾಗ ಯು.ಪಿ.ಎಸ್. ‘ಕುಂಯ್, ಕುಂಯ್’ ಎನ್ನುತ್ತದಲ್ಲ, ಆ ದನಿಯನ್ನು ನಾನು ಹೊಸದಾಗಿ ಕಲಿತಿದ್ದೆ. ಕರೆಂಟು ಚೆನ್ನಾಗಿಯೇ ಇತ್ತು. ಮಕ್ಕಳನ್ನು ನಗಿಸಲು ಬಾಗಿಲ ಹಿಂದೆ ನಿಂತು ಹಾಗೆ ಕೂಗಿದೆ. ಆ ಶಾಲೆಯ ಮೇಷ್ಟ್ರು ಬಹಳ ಜವಾಬ್ದಾರಿಯ ಮನುಷ್ಯ. “ಬ್ಯಾಟ್ರಿ ಹೋಗತೈತೆ, ಬಂದ್ ಮಾಡ್ರೋ, ಬಂದ್ ಮಾಡ್ರೋ!” ಎಂದು ಓಡಿ ಬಂದು, ಯು.ಪಿ.ಎಸ್.ನಿಂದ ಕಂಪ್ಯೂಟರುಗಳಿಗೆ ಹೋಗುವ ದೊಡ್ಡ ಸ್ವಿಚ್ಚನ್ನೇ ಎಳೆದುಬಿಟ್ಟರು. ಆಟ ಅಲ್ಲಿಯವರೆಗಿನ ಲೆಕ್ಕವನ್ನೆಲ್ಲ ಮುಚ್ಚುವಾಗ ಒಮ್ಮೆಲೇ ಬರೆದುಕೊಳ್ಳುತ್ತಿತ್ತು. ಮುಚ್ಚಲು ಅವಕಾಶವೇ ಸಿಗದೆ ಆ ದಿನದ ಕೆಲಸವೆಲ್ಲ ಹೋಯಿತು.

ಅಕ್ಕ ನನ್ನನ್ನು ಬೈಯಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಮರಳಿ ಬರುವಾಗ ಸ್ಕೂಟಿಯ ಮೇಲೆ ಹೇಳಿದರು:

“ಇನ್ನ ಮುಚ್ಚೋತನಕ ಕಾಯಂಗಿಲ್ಲ. ಒಂದೊಂದು ಓಟ ಮುಗ್ದಂಗೆಲ್ಲ ಬರ್ಕೊಳ್ಳಂಗೆ ಮಾಡ್ತೀನಿ. ಹಳೇದ್ರ ಮ್ಯಾಲೆ ಹೊಸದು. ಆ ಕಂಪ್ಯೂಟರ್ನಾಗೆ ಜಾಗಾನೂ ಇಲ್ಲ.”

“ಹಂಗಾದ್ರೆ ಕೊನೇ ಓಟ ಒಂದೇ ಉಳಿಯುತ್ತೆ?”

“ಸಾಕು ಬಿಡು. ಕಲ್ತ ಮ್ಯಾಲೆ ಕೊನೇದು ಗೆದ್ದಿದ್ದೇ ಇರತೈತೆ. ಆಮ್ಯಾಲೆ ಸರಿಯಾಗಿ ಬರೀತೀನಿ.”

ಗೆಲ್ಲುವುದನ್ನು ಕಲಿತ ಮಗು ಮತ್ತೆ ಯಾಕೆ ಸೋಲುತ್ತದೆ ಎಂದು ಅವರೂ ಕೇಳಿಕೊಳ್ಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಸ್ಕೂಟಿಯ ಹಿಂದೆ ಕೂತು ನಾನು ಅವರ ಹಾರ್ನಿನ ದನಿ ಕಲಿಯುತ್ತಿದ್ದೆ.

ಮತ್ತೆ ಅದೇ ಶಾಲೆಗೆ ಹೋದೆವು. ಈ ಸಲ ಆಟ ಬರೆದುಕೊಂಡ ಲೆಕ್ಕ ಉಳಿಯಿತು. ಅಕ್ಕ ಒಂದೊಂದೇ ಕಂಪ್ಯೂಟರ್ ತೆರೆದು ನೋಡುತ್ತಾ ಹೋದರು. ಎಲ್ಲದರಲ್ಲೂ ಡಬ್ಬಣ್ಣನ ಬ್ಯಾಟರಿ ತಲೆಯ ಮೇಲೆ. ಎಲ್ಲದರಲ್ಲೂ ದೊಡ್ಡ ಗಾಲಿ. ಎಲ್ಲದರಲ್ಲೂ ‘ಮುಂದೆ ಹೋಗು’ ಒಂದೇ. ತಪ್ಪು ಮಾಡುವ ಮಕ್ಕಳು ತಲೆಗೊಂದು ತಪ್ಪು ಮಾಡುತ್ತಾರೆ. ಇವರೆಲ್ಲ ಸೇರಿ ಒಂದೇ ತಪ್ಪು ಮಾಡಿದ್ದರು. ಅಕ್ಕ ಮುಂದಿನ ಬೆಂಚಿನ ಹುಡುಗನೊಬ್ಬನನ್ನು ಕೇಳಿದರು:

“ಬ್ಯಾಟ್ರಿ ತಲೆ ಮ್ಯಾಲೆ ಯಾಕಿಟ್ಟೆ?”

“ತಲೆ ಮ್ಯಾಲಿಟ್ರೆ ಜಲ್ದಿ ಬೀಳ್ತಾನಕ್ಕ. ಜಲ್ದಿ ಅಜ್ಜಿ ಬರ್ತಾಳೆ.”

“ದಾಟಿಸಾಕೆ ಬರಲ್ವಾ?”

“ಬರತೈತಕ್ಕ. ದಾಟಿದ್ರೆ ಸ್ಟೇಷನ್ ಬರತೈತೆ. ಅದು ಬ್ಯಾಸರ.”

ನಾನು ಕಿಟಕಿಯಾಚೆ ನೋಡಿದೆ. ಮಕ್ಕಳು ಭಾರ, ಸಮತೋಲ ಎಲ್ಲವನ್ನೂ ಕಲಿತಿದ್ದರು. ಅಷ್ಟನ್ನೂ ಡಬ್ಬಣ್ಣ ಎಷ್ಟು ಬೇಗ ಬೀಳಬಲ್ಲ ಎಂಬುದಕ್ಕೆ ಬಳಸಿದ್ದರು. ಕಂಬಳಿಯೊಳಗೆ ನಾನು ಎಷ್ಟು ಬೆವರಿದ್ದೆನೋ, ಆ ಬೆವರೆಲ್ಲ ಚಾನಲ್ಲಿಗೆ ಹೋಗಿತ್ತು.

“ಗೆದ್ದಾಗಿನ್ವು ಹೊಸದಾಗಿ ಮಾಡು. ಬಿದ್ದಾಗಿನ್ವು ತೆಗೀತೀನಿ” ಎಂದರು ಅಕ್ಕ. ಸುಲಭದ ಕೆಲಸ ಎಂದು ಒಪ್ಪಿಕೊಂಡೆ.

ಮತ್ತೆ ಕಂಬಳಿಯೊಳಗೆ ಹೋದೆ. ಬಾಯಿ ತೆರೆದೆ. ಏನೂ ಬರಲಿಲ್ಲ. ನಾನು ಕೇಳಿದ್ದನ್ನು ಮಾಡುವವನು; ಹುಟ್ಟಿಸುವವನಲ್ಲ. ನೆನಪಿನಲ್ಲಿ ಬೈದ ದನಿ ಯಾರ ಯಾರದೋ ಸಿಕ್ಕಿತು: ಮೇಷ್ಟ್ರದು, ಡ್ರೈವರದು, ಪಕ್ಕದ ಮನೆಯವರದು, ಕುಡಿದವರದು, ಕುಡಿಯದವರದು. ಹೊಗಳಿದ ದನಿ ಹುಡುಕಿದರೆ ಒಂದೂ ಸಿಗಲಿಲ್ಲ. ಸರಿ, ಕೇಳಿಕೊಂಡು ಬರೋಣ ಎಂದು ಹೊರಟೆ.

ಮೊದಲು ಮನೆಯಲ್ಲೇ. ಅವ್ವ ರೊಟ್ಟಿ ಬಡಿದು ಹಾಕಿದಳು. ಅಪ್ಪ ಉಂಡು ಕೈ ತೊಳೆದರು.

“ಹೆಂಗಿತ್ತಪ್ಪಾ ಪಲ್ಯ?”

“ಉಪ್ಪೇನು ಜಾಸ್ತಿ ಆಗಿರ್ಲಿಲ್ಲ.”

ಅವ್ವನ ಮುಖ ಅರಳಿತು. ನನಗೆ ಆ ಅರಳಿದ್ದನ್ನು ರೆಕಾರ್ಡ್ ಮಾಡಲು ಬರಲಿಲ್ಲ.

ಆಮೇಲೆ ಹೊನ್ನಾಳಿಯಲ್ಲಿ ನನಗೆ ಸ್ಟೇಜಿನ ಕೋಟು ಹೊಲಿದುಕೊಡುವ ಟೈಲರ್ ಸಾಹೇಬರ ಅಂಗಡಿ. ಅವರ ತಮ್ಮ ಪಕ್ಕದ ಮಿಶಿನ್ನಿನಲ್ಲಿ ಕೂತಿರುತ್ತಾರೆ. “ಸಾಹೇಬ್ರೇ, ನಿಮ್ ತಮ್ಮ ಬಾಳ ಚೆನ್ನಾಗಿ ಹೊಲಿದ್ರೆ ಏನಂತೀರಿ?” ಎಂದು ಕೇಳಿದೆ.

ಅವರು ಕತ್ತರಿ ನಿಲ್ಲಿಸದೆ ಹೇಳಿದರು: “ಇನ್ನೊಂದು ಕೊಡ್ತೀನಿ.”

“ಬಾಯಲ್ಲಿ ಏನಂತೀರಿ?”

“ಬಾಯಾಗೆ ಯಾಕಂತಾರೆ? ತಮ್ಮ ಅಲ್ವೇನ್ರೀ?”

ತಮ್ಮ ಮಿಶಿನ್ ಓಡಿಸುತ್ತಲೇ ಹೇಳಿದರು: “ಒಂದ್ಸಲ ಅಂದಿದ್ರು. ಜ್ವರ ಬಂದಿತ್ತು ಇವ್ರಿಗೆ.”

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ತಾಯಿ ಕಂಕುಳಲ್ಲಿ ದುಂಡು ಮಗುವನ್ನಿಟ್ಟುಕೊಂಡು ನಿಂತಿದ್ದರು. ನಾನು, “ಎಷ್ಟು ಚೆಂದ ಐತೆ ಕೂಸು!” ಎಂದೆ. ಅವರು ಸೆರಗು ಮುಚ್ಚಿ, “ಏ, ಎಲ್ಲಿ ಚೆಂದ? ಕರಿ ಮುಸುಡಿ ಐತೆ, ಬರೀ ಅಳತೈತೆ” ಎಂದು ಆಚೆ ಸರಿದು ನಿಂತರು. ದೃಷ್ಟಿ ತಾಗೀತೆಂಬ ಹೆದರಿಕೆ. ಆಗ ನನಗೆ ತಿಳಿಯಿತು: ನಮ್ಮ ಕಡೆ ಯಾರೂ ಹೊಗಳುವುದಿಲ್ಲ ಎಂದಲ್ಲ. ಹೊಗಳಬಾರದೆಂದೇ ಬೈಯುತ್ತಾರೆ. ಆದರೆ ಇದನ್ನು ಕಂಪ್ಯೂಟರಿಗೆ ಹೇಗೆ ತುಂಬುವುದು?

ಕೊನೆಗೆ ಮೂರು ಮಾಡಿದೆ. ಅಪ್ಪನ ದನಿಯಲ್ಲಿ “ಪರವಾಗಿಲ್ಲ.” ಟೈಲರ್ ಸಾಹೇಬರ ದನಿಯಲ್ಲಿ “ಇನ್ನೊಂದು ತಗೋ.” ಇವೆರಡೂ ಸಪ್ಪೆ ಎನಿಸಿ, ಟಿ.ವಿ. ಕಾರ್ಯಕ್ರಮದವರಂತೆ “ಭೇಷ್! ಅದ್ಭುತ! ಚಪ್ಪಾಳೆ ಬರಲಿ!” ಎಂದೊಂದು.

ಮೂರನೆಯ ಶಾಲೆ ನ್ಯಾಮತಿ ತಾಲ್ಲೂಕು, ಸವಳಂಗದ ಕಡೆ. ಒಬ್ಬ ಹುಡುಗ ಮೊದಲ ಹಂತ ದಾಟಿಸಿದ. “ಭೇಷ್! ಅದ್ಭುತ!” ಎಂದಿತು ಕಂಪ್ಯೂಟರು. ಹುಡುಗ ಪಕ್ಕದವನಿಗೆ ಹೇಳಿದ: “ಜಾಹೀರಾತು ಬಂತು, ಸ್ಕಿಪ್ ಮಾಡು.” ಇನ್ನೊಂದು ಕಡೆ “ಪರವಾಗಿಲ್ಲ” ಕೇಳಿಸಿತು. ಆ ಹುಡುಗಿ ಏನೋ ತಪ್ಪಾಗಿದೆ ಎಂದು ಜೋಡಿಸಿದ್ದನ್ನೆಲ್ಲ ಬಿಚ್ಚಿಟ್ಟಳು. ಪಾಪ, ಅಪ್ಪನ ದನಿಯನ್ನು ನಾನು ಅಷ್ಟು ಸರಿಯಾಗಿ ಮಾಡಿದ್ದೆ.

ಅರ್ಧ ಗಂಟೆಗೆ ಕೋಣೆ ಸಪ್ಪಗಾಯಿತು. ಹಲ್ಲಿಯ ಲೊಚಗುಟ್ಟುವಿಕೆ ಕೇಳಿಸತೊಡಗಿತು. ಅಷ್ಟರಲ್ಲಿ ನಲ್ಲೂರಿನ ಕಡೆ ನೆಂಟರಿದ್ದ ಹುಡುಗನೊಬ್ಬ ಎದ್ದು ನಿಂತ: “ಅಣ್ಣಾ, ನಮ್ ಮಾವನ ಮಗಳು ಹೇಳಿದ್ಳು. ಇದ್ರಾಗೆ ಅಜ್ಜಿ ಇದ್ಳಂತಲ್ಲ? ಎಲ್ಲಿ ಹೋದ್ಳು?”

ಇಂಥ ಪ್ರಶ್ನೆಗೆ ಸುಮ್ಮನಿರುವ ಶಕ್ತಿ ನನಗಿಲ್ಲ. “ಅಜ್ಜಿ ಇಲ್ಲೇ ಅದಾಳಪ್ಪೋ!” ಎಂದುಬಿಟ್ಟೆ. ಅಷ್ಟೇ. ಬಿದ್ದರೇ ಅಜ್ಜಿ ಬರುವುದು ಎಂದು ಆ ಹುಡುಗ ಸಾರಿದ, ಕೋಣೆಯೆಲ್ಲ ಸಟಕ್ಕನೆ ಬ್ಯಾಟರಿಯನ್ನು ತಲೆಗೇರಿಸಿತು. ಡಬ್ಬಣ್ಣಂದಿರು ಸಾಲಾಗಿ ಚಾನಲ್ಲಿಗೆ ಹಾರಿದರು. ನಾನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಓಡುತ್ತಾ, ಅಜ್ಜಿ, ಕಂಡಕ್ಟರು, ಪಿ.ಟಿ. ಮಾಸ್ತರು ಮೂವರನ್ನೂ ಒಂದೇ ಬಾಯಲ್ಲಿ ಇಟ್ಟುಕೊಂಡು ಕುಣಿದೆ. ಟ್ರಸ್ಟಿನ ಸಾಹೇಬರು ಅದೇ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತಿದ್ದರು.

ಅವರು ಕೆಟ್ಟ ಮನುಷ್ಯರಲ್ಲ. ಇದನ್ನು ಒತ್ತಿ ಬರೆಯುತ್ತೇನೆ, ಯಾಕೆಂದರೆ ಅವರ ದನಿ ಮಾಡಿ ನಾನು ಬಹಳ ಕಡೆ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಹೊರಗೆ ಬಂದು ಅಕ್ಕನಿಗೆ ಮೆಲ್ಲಗೆ ಹೇಳಿದರು:

“ಮೇಡಂ, ಇವರಿಲ್ಲದ ಶಾಲೆಗೆ ಇವರನ್ನ ಎಲ್ಲಿಂದ ತರಲಿ? ಆಟ ತಾನಾಗೇ ಕಲಿಸಬೇಕಲ್ವಾ? ಮೂರು ಶಾಲೆ ಆಯ್ತು, ಒಂದು ಮಗೂನೂ ದಾಟಿಲ್ಲ. ಈಗಲೇ ನಿಲ್ಲಿಸಿ ಅಂತ ಮೇಲಿನಿಂದ ಬಂದಿದೆ. ನಾನು ಹೇಗೋ ಹೇಳ್ತೀನಿ. ಜಗಳೂರಲ್ಲಿ ಒಂದು ಮಗು, ಒಂದೇ ಒಂದು, ಯಾರ ಸಹಾಯವೂ ಇಲ್ಲದೆ ಕೊನೆ ಹಂತ ದಾಟಿಸಲಿ. ಮಿಶಿನ್ನಲ್ಲಿ ಅದು ದಾಖಲಾಗಲಿ. ನಿಮ್ಮ ಕಡೆಯವರು ಯಾರೂ ಮಗುವಿನ ಹತ್ತಿರ ಮಾತಾಡಬಾರದು. ಅಷ್ಟಾದರೆ ನಾನು ಇದನ್ನ ಮುಂದಕ್ಕೆ ಒಯ್ತೀನಿ.”

‘ಯಾರೂ’ ಎಂದಾಗ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ದನಿ ಬೇಡ.

ಜಗಳೂರಿಗೆ ಹೋಗುವ ದಾರಿಯಲ್ಲಿ, ದಾವಣಗೆರೆ ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಅಕ್ಕ ಲ್ಯಾಪ್‌ಟಾಪ್ ತೆರೆದು ಕೂತರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಹಳೆಯ ದನಿ ಸೇರಿಸಿದರೆ ಬೀಳಿಸುತ್ತಾರೆ. ಹೊಸ ದನಿಯಿದ್ದರೆ ಜಾಹೀರಾತು ಎನ್ನುತ್ತಾರೆ. ನಾನೇ ಹೇಳಿದೆ:

“ನನ್ನ ತೆಗೆದುಬಿಡಕ್ಕ.”

“ಏನು?”

“ಪೂರಾ ತೆಗಿ. ಗೆದ್ದದ್ದೂ ಬ್ಯಾಡ, ಬಿದ್ದದ್ದೂ ಬ್ಯಾಡ. ಗೆದ್ರೆ ಒಂದು ಹಸಿರು ಗುರುತು ಬಂದ್ರೆ ಸಾಕು. ಮೂಕ ಡಬ್ಬಣ್ಣ.”

ಅವರು ನನ್ನ ಮುಖ ನೋಡಿ, ತಮಾಷೆಯಲ್ಲವೆಂದು ಖಾತ್ರಿ ಮಾಡಿಕೊಂಡು, ದನಿಗಳ ಫೋಲ್ಡರನ್ನು ಒಟ್ಟಿಗೇ ಅಳಿಸಿದರು. ದನಿ ಕೇಳಿಸುವ ಜಾಗಗಳನ್ನೆಲ್ಲ ಆಟದಿಂದ ಕಿತ್ತರು. ಹೊಸದಾಗಿ ಕಟ್ಟಿದ ಆಟ ಮೊದಲಿನ ಅರ್ಧದಷ್ಟೂ ಇರಲಿಲ್ಲ. “ನೋಡು, ಅರ್ಧಕ್ಕರ್ಧ ನಿನ್ ಬಾಯೇ ಇತ್ತು” ಎಂದರು ಅಕ್ಕ. ಆ ದಿನಗಳಲ್ಲಿ ಅವರು ಆಡಿದ ಒಂದೇ ತಮಾಷೆ ಅದು. ಒಂದೊಂದು ಓಟವನ್ನೂ ಹಳೆಯದರ ಮೇಲೆ ಬರೆಯುವ ಸಾಲನ್ನು ಮಾತ್ರ ಅವರು ಮುಟ್ಟಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಜಗಳೂರು ತಾಲ್ಲೂಕಿನ ಆ ಶಾಲೆಯಲ್ಲಿ ನಮಗೆ ಸಿಕ್ಕದ್ದು ಒಂದೇ ದಿನ, ಮಧ್ಯಾಹ್ನದ ಊಟವಾದ ಮೇಲೆ. ಮರುದಿನದಿಂದ ಪರೀಕ್ಷೆ, ಆ ಕೋಣೆಯಲ್ಲೂ ಮಕ್ಕಳನ್ನು ಕೂರಿಸಬೇಕಿದ್ದರಿಂದ ಕಂಪ್ಯೂಟರುಗಳನ್ನು ಎತ್ತಿಡುವವರಿದ್ದರು. ಹೆಡ್‌ಮಾಸ್ತರು ಒಳ್ಳೆಯವರು, ಸ್ವಲ್ಪ ಹೆದರಿದ್ದರು. ಟ್ರಸ್ಟಿನ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಅಕ್ಕ ಬಸ್‌ಸ್ಟ್ಯಾಂಡಿನಿಂದಲೇ ಒಂದು ಪೊಟ್ಟಣ ಶೇಂಗಾ ಚಿಕ್ಕಿ ತಂದಿದ್ದರು. ನನ್ನ ಕೈಗೆ ಕೊಟ್ಟು, “ಬಾಯಾಗೆ ಇಟ್ಕೊ. ಮುಗಿದ್ರೆ ಇನ್ನೊಂದು ಇಟ್ಕೊ” ಎಂದರು.

ಮೂಕ ಡಬ್ಬಣ್ಣನ ಮೇಲೆ ಮಕ್ಕಳಿಗೆ ಪ್ರೀತಿ ಹುಟ್ಟಲಿಲ್ಲ. ಬಿದ್ದ, ಮತ್ತೆ ಇಟ್ಟರು, ಮತ್ತೆ ಬಿದ್ದ. ಸದ್ದಿಲ್ಲದೆ ಬೀಳುವವನನ್ನು ಎಷ್ಟು ಸಲ ಎಬ್ಬಿಸುವುದು? ಒಬ್ಬೊಬ್ಬರಾಗಿ ಕಿಟಕಿಯ ಕಡೆ ತಿರುಗಿದರು. ಕೆಲವರು ಹೆಡ್‌ಮಾಸ್ತರ ಅಪ್ಪಣೆ ಪಡೆದು ಓದಿಕೊಳ್ಳಲು ಹೋದರು. ನನ್ನ ಬಾಯೊಳಗೆ ಕಂಡಕ್ಟರು ಚಿಕ್ಕಿಯ ಅಡಿಯಲ್ಲಿ ಒದ್ದಾಡುತ್ತಿದ್ದ.

ಗೋಡೆಯ ಪಕ್ಕದ ಕೊನೆಯ ಕಂಪ್ಯೂಟರಿನಲ್ಲಿ ಒಬ್ಬ ಹುಡುಗಿ ಉಳಿದಳು. ಅವಳ ಜೊತೆಯವರು ಎದ್ದು ಹೋದದ್ದರಿಂದ ಮೌಸು ಅವಳಿಗೆ ಸಿಕ್ಕಿತ್ತು. ಎರಡು ಜಡೆ, ಒಂದರ ರಿಬ್ಬನ್ನು ಬಿಚ್ಚಿತ್ತು. ಅವಳು ಬೇರೆಯವರಂತೆ ತಕ್ಷಣ ಓಡಿಸುತ್ತಿರಲಿಲ್ಲ. ಒಂದು ಗಾಲಿ ಬದಲಾಯಿಸಿ, ಕೈ ಗಲ್ಲಕ್ಕಿಟ್ಟು ನೋಡುವಳು. ಬಿಂದಿಗೆ ಚೆಲ್ಲಿತು. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದಳು. ಹಲಗೆಯ ನಡುವೆ ವಾಲಿತು. ಇನ್ನೂ ಕೆಳಗಿಟ್ಟಳು. ‘ಅಂಚು ಕಂಡರೆ ತಿರುಗು’ ಎಂಬುದನ್ನು ಮೊದಲ ಸಲ ಎಳೆದು ತಂದಳು. ಕಣ್ಣನ್ನು ಮಾತ್ರ ಹಿಂದೆ ಜೋಡಿಸಿದ್ದಳು. ಡಬ್ಬಣ್ಣ ಅಂಚನ್ನು ಬಿದ್ದ ಮೇಲೆ ಕಂಡ. ನನಗೆ ಕೂಗಿ ಹೇಳಬೇಕೆನಿಸಿತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. ಹುಡುಗಿ ಕಣ್ಣನ್ನು ಮುಂದಕ್ಕೆ ತಂದಳು.

ಓಡಿಸಿದಳು.

ಡಬ್ಬಣ್ಣ ಏರು ಹತ್ತಿದ. ಹಲಗೆಯ ಮೇಲೆ ಬಂದ. ಒಂದು ಕಡೆ ವಾಲಿ, ಅಂಚು ಕಂಡು, ತಿರುಗಿ, ಮತ್ತೆ ನೆಟ್ಟಗಾದ. ನೀರು ತುಳುಕಿತು, ಚೆಲ್ಲಲಿಲ್ಲ. ಆಚೆ ದಡಕ್ಕೆ ಇಳಿದು ನಿಂತ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಹಸಿರು ಗುರುತು ಹೊತ್ತಿಕೊಂಡಿತು.

ಅವಳು ತಿರುಗಿ ನಮ್ಮನ್ನು ನೋಡಿದಳು.

ಸಾಹೇಬರು ಬರೆಯುತ್ತಿದ್ದರು. ಹೆಡ್‌ಮಾಸ್ತರು, ಇದು ಒಳ್ಳೆಯದೋ ಕೆಟ್ಟದೋ ಎಂದು ಸಾಹೇಬರ ಮುಖ ನೋಡುತ್ತಿದ್ದರು. ಅಕ್ಕ ನನ್ನ ಮಣಿಕಟ್ಟಿಗೆ ಉಗುರೂರಿದ್ದರು. ಎಲ್ಲಿ ಬಾಯಿಬಿಟ್ಟು ನಿಯಮ ಮುರಿದುಬಿಡುತ್ತೇನೋ ಎಂದು ನಾನು ಇನ್ನೊಂದು ಚಿಕ್ಕಿ ತುರುಕಿಕೊಂಡು ನೆಲ ನೋಡಿದೆ. ಇಡೀ ಜಿಲ್ಲೆಯ ದನಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ನಾನು, ಆ ಹೊತ್ತಿನಲ್ಲಿ ಶೇಂಗಾ ಅಗಿಯುತ್ತಿದ್ದೆ.

ಅವಳು ಸ್ವಲ್ಪ ಹೊತ್ತು ಹಾಗೇ ನೋಡಿದಳು. ಪರದೆಯ ಕಡೆ ತಿರುಗಿದಳು. ಡಬ್ಬಣ್ಣನನ್ನು ಮತ್ತೆ ಈಚೆ ದಡಕ್ಕೆ ತಂದಳು. ಬ್ಯಾಟರಿಯನ್ನು ಬಿಚ್ಚಿ, ಯಾರೂ ಹೇಳಿಕೊಡದೆ, ನಲ್ಲೂರಿನವರನ್ನಾಗಲಿ ಸಾಸ್ವೆಹಳ್ಳಿಯವರನ್ನಾಗಲಿ ಕಾಣದೆ, ತಲೆಯ ಮೇಲೆ ಇಟ್ಟಳು. ಓಡಿಸಿದಳು. ಡಬ್ಬಣ್ಣ ಬಿಂದಿಗೆಯ ಸಮೇತ ತಲೆಕೆಳಗಾಗಿ ಚಾನಲ್ಲಿಗೆ ಹೋದ.

“ಅಯ್ಯೋ!” ಎಂದೆವು ನಾಲ್ವರೂ, ಒಟ್ಟಿಗೆ. ಸಾಹೇಬರ ಪೆನ್ನು ಬಿತ್ತು. ಹುಡುಗಿ ಆ ಮಧ್ಯಾಹ್ನದಲ್ಲಿ ಮೊದಲ ಸಲ ನಕ್ಕಳು.

ಅಕ್ಕ ಓಡಿ ಹೋಗಿ ಆಟದ ಲೆಕ್ಕ ತೆರೆದು ನೋಡಿದರು. ಹೊಸ ಓಟ ಹಳೆಯದರ ಮೇಲೆ ಕೂತಿತ್ತು. ದಾಟಿದ್ದರ ಗುರುತೇ ಇಲ್ಲ. ‘ಬಿದ್ದಿದೆ’ ಎಂದಷ್ಟೇ ಇತ್ತು. ಹಳೆಯದರ ಮೇಲೆ ಬರೆಯುವ ಆ ಸಾಲನ್ನು ಅವರು ಹಾಕಿದ್ದು ಯಾವಾಗ, ಯಾರ ‘ಕುಂಯ್ ಕುಂಯ್’ನಿಂದ ಎಂಬುದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ನೆನಪಾಯಿತು. ಅವರು ನನ್ನ ಕಡೆ ನೋಡಲಿಲ್ಲ.

“ಸಾರ್, ನೀವೇ ನೋಡಿದ್ರಲ್ಲ” ಎಂದರು.

“ನೋಡಿದೆ ಮೇಡಂ. ನನ್ನ ಕಣ್ಣು ಮೇಲಿನವರಿಗೆ ಸಾಲೋದಿಲ್ಲ. ಮಿಶಿನ್ನಲ್ಲಿ ಇರಬೇಕು.” ಅವರ ಮುಖವೂ ಬಾಡಿತ್ತು. ಹುಡುಗಿಯ ಹತ್ತಿರ ಬಂದು ಬಗ್ಗಿದರು. “ಇನ್ನೊಂದ್ಸಲ ದಾಟಿಸಮ್ಮ. ಬೆಲ್ ಹೊಡೆಯೋಕೆ ಇನ್ನೂ ಟೈಮಿದೆ. ನಿನಗೆ ಬರುತ್ತಲ್ಲ.”

ಹೆಡ್‌ಮಾಸ್ತರೂ ಬಂದರು. “ದಾಟ್ಸವ್ವಾ, ಸಾಹೇಬ್ರು ಕೇಳಾಕತ್ತಾರ. ಜಾಣೆ ಅಲ್ವಾ ನೀನು?”

ಅಕ್ಕ ಅವಳ ಭುಜದ ಮೇಲೆ ಕೈಯಿಟ್ಟರು. “ಒಂದೇ ಸಲ, ಪುಟ್ಟಾ. ಹಂಗೇ ಮಾಡಿದ್ಯಲ್ಲ, ಬಾಳ ಚೆನ್ನಾಗಿತ್ತು.”

ನಾನೂ ಚಿಕ್ಕಿ ಉಗಿದು ಅಜ್ಜಿಯ ದನಿ ತೆಗೆದೆ. ಈಗ ಯಾವ ನಿಯಮ? “ದಾಟ್ಸೇ ತಾಯಿ, ನನ್ನ ಮೊಮ್ಮಗ ನೀರಾಗೆ ನೆನೀತಾ ಅದಾನೆ!” ಆ ದನಿಗೆ ಮೊದಲ ಸಲ ಯಾರೂ ನಗಲಿಲ್ಲ.

ಅವಳು ಬಗ್ಗಿ ನಿಂತ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಮೌಸಿನಿಂದ ಕೈ ತೆಗೆದಳು. ಬಿಚ್ಚಿದ ರಿಬ್ಬನ್ನನ್ನು ಕಟ್ಟಿಕೊಂಡು, ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ಒಮ್ಮೆ ನಿಂತಳು. ಅಕ್ಕ ಈಗ ಚನ್ನಗಿರಿಯಲ್ಲಿ ಟ್ಯಾಲಿ ಕಲಿಸುತ್ತಿದ್ದಾರೆ, ಡಬ್ಬಣ್ಣ ಅವರ ಮೇಜಿನ ಡ್ರಾಯರಿನಲ್ಲಿ ಪೆನ್‌ಡ್ರೈವಿನೊಳಗಿದ್ದಾನೆ, ಸಾಹೇಬರು ಆಮೇಲೆ ಫೋನು ಮಾಡಿಲ್ಲ. ಮದುವೆಗಳಲ್ಲಿ ಜನ ಕೇಳಿದ ದನಿಯನ್ನೆಲ್ಲ ಮಾಡುತ್ತೇನೆ; ಆ ಬಾಗಿಲಲ್ಲಿ ಕೇಳಿದ್ದನ್ನು ಮಾತ್ರ ಎಲ್ಲೂ ಮಾಡಿ ತೋರಿಸಿಲ್ಲ. ಅವಳು ಹೇಳಿದ್ದು ಇಷ್ಟು:

“ದಾಟ್ಸಿದಾಗ ನೀವ್ಯಾರೂ ಮಾತಾಡ್ಲಿಲ್ರೀ. ಬಿದ್ ಮ್ಯಾಲೆ ಎಲ್ರೂ ಓಡಿ ಬಂದ್ರಿ. ನಾ ಇನ್ನ ದಾಟ್ಸಲ್ಲ.”